ಬಿಟ್ಟು ಹೋದವರು, ಉಳಿದುಕೊಂಡವರು

ಕಳೆದ ದೀಪಾವಳಿಯ ಮರುದಿನ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮಿಠಾಯಿ ಪೊಟ್ಟಣ ಹಿಡಿದು ಮನೆಗೆ ಬಂದಿದ್ದ. 2005ರಲ್ಲಿ ನಮ್ಮ ಶಾಲೆಯಿಂದ ಹತ್ತನೆಯ ತರಗತಿ ಮುಗಿಸಿ ಹೋದವನು. ಈಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್. ಹೊಸ ಕಂಪನಿಗೆ ಸೇರಿದ ಸಂತೋಷವನ್ನು ಹಂಚಿಕೊಳ್ಳಲು ಬಂದಿದ್ದ. ಲೆಕ್ಕ ಹಾಕಿದರೆ ಹದಿಮೂರು ವರ್ಷಗಳಲ್ಲಿ ಇದು ಅವನ ಐದನೆಯ ನೌಕರಿ. ಮಿಠಾಯಿ ಬಾಯಿಗೆ ಹಾಕಿಕೊಳ್ಳುವ ಮೊದಲೇ ನನ್ನೊಳಗಿನ ಮೇಷ್ಟ್ರು ಎದ್ದು ಕುಳಿತರು. "ಒಂದು ಕಡೆ ನಿಲ್ಲುವ ಬುದ್ಧಿ ನಿನಗೆ ಯಾವಾಗ ಬರುತ್ತದಪ್ಪಾ? ಅನ್ನ ಹಾಕಿದವರ ಋಣ ಅಂತ ಒಂದಿರುತ್ತದೆ" ಎಂದುಬಿಟ್ಟೆ.

ಅವನು ತಲೆ ತಗ್ಗಿಸಿ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಸಾರ್, ನೀವು ಮೂವತ್ತೈದು ವರ್ಷ ಒಂದೇ ಶಾಲೆಯಲ್ಲಿ ಇದ್ರಲ್ಲ, ಯಾಕೆ ಬಿಡಲಿಲ್ಲ?" ಎಂದು ಕೇಳಿದ. ದನಿಯಲ್ಲಿ ಉದ್ಧಟತನವಿರಲಿಲ್ಲ, ನಿಜವಾಗಿಯೂ ತಿಳಿದುಕೊಳ್ಳುವ ಆಸೆಯಿತ್ತು. "ಪಾಠದ ಮೇಲಿನ ಪ್ರೀತಿ ಕಣಯ್ಯಾ" ಎಂದೆ. ಅವನು ಹೊರಟುಹೋದ ಮೇಲೆ ಆ ಉತ್ತರ ನನಗೇ ಪೂರ್ತಿ ಒಪ್ಪಿಗೆಯಾಗಲಿಲ್ಲ. ರಾತ್ರಿ ಬಹಳ ಹೊತ್ತು ನಿದ್ದೆಯೂ ಬರಲಿಲ್ಲ.

ಚರಿತ್ರೆಯ ಮೇಷ್ಟ್ರಿಗೆ ಸಂಶಯ ಬಂದರೆ ಮಾಡಬಹುದಾದ ಕೆಲಸ ಒಂದೇ, ಹಿಂದಕ್ಕೆ ಹೋಗಿ ನೋಡುವುದು. ಜನ ಕೆಲಸವನ್ನು ಏಕೆ ಬಿಡುತ್ತಾರೆ, ಏಕೆ ಉಳಿಯುತ್ತಾರೆ ಎಂಬ ಪ್ರಶ್ನೆಗೂ ಒಂದು ಇತಿಹಾಸವಿದೆ. ಕಳೆದ ಕೆಲವು ತಿಂಗಳು ಅದನ್ನೇ ಓದಿದೆ. ಓದಿದ್ದನ್ನು ನಿಮ್ಮೊಡನೆ ಹಂಚಿಕೊಂಡು, ಕೊನೆಯಲ್ಲಿ ಆ ಹುಡುಗನ ಪ್ರಶ್ನೆಗೆ ಮತ್ತೆ ಉತ್ತರಿಸುತ್ತೇನೆ.

ಈ ಪ್ರಶ್ನೆಯನ್ನು ಮನುಷ್ಯ ಬಹಳ ಕಾಲ ಕೇಳಲೇ ಇಲ್ಲ. ಕೆಲಸದವನು ಬಿಟ್ಟು ಹೋದರೆ ಕಾರಣ ಹುಡುಕುವ ಬದಲು ಅವನನ್ನು ಹಿಡಿದು ತರುವುದೇ ಪದ್ಧತಿಯಾಗಿತ್ತು. 1348ರಲ್ಲಿ ಇಂಗ್ಲೆಂಡಿಗೆ ಮಹಾಮಾರಿ ಪ್ಲೇಗ್ ಕಾಲಿಟ್ಟು ಜನರನ್ನು ಗುಡಿಸಿಹಾಕಿದ ಮೇಲೆ ಕೂಲಿಯಾಳುಗಳಿಗೆ ಬರ ಬಂತು. ಬದುಕುಳಿದವರು ಹೆಚ್ಚು ಕೂಲಿ ಕೊಡುವ ಕಡೆಗೆ ಹೊರಟರು. ಕೂಡಲೇ 1349ರಲ್ಲಿ ರಾಜಾಜ್ಞೆ, 1351ರಲ್ಲಿ ಶಾಸನ ಬಂದವು. ಪ್ಲೇಗಿಗೆ ಮುಂಚಿನ ಕೂಲಿಯನ್ನೇ ಪಡೆಯಬೇಕು. ಒಪ್ಪಿದ ಅವಧಿ ಮುಗಿಯುವ ಮುನ್ನ ಬಿಟ್ಟು ಹೋದರೆ ಸೆರೆವಾಸ. ಅಲ್ಲಿಂದ ಐದು ಶತಮಾನಕ್ಕೂ ಹೆಚ್ಚು ಕಾಲ ಆ ದೇಶದಲ್ಲಿ ಕೆಲಸ ಬಿಡುವುದು ಬಗೆಬಗೆಯ ಕಾನೂನುಗಳಲ್ಲಿ ಅಪರಾಧವಾಗಿಯೇ ಉಳಿಯಿತು. 1875ರಲ್ಲಿ ಅದು ಅಲ್ಲಿ ರದ್ದಾಯಿತು.

ಆದರೆ ತಮ್ಮ ದೇಶದಲ್ಲಿ ಬೇಡವೆಂದದ್ದನ್ನು ಇಂಗ್ಲಿಷರು ನಮ್ಮಲ್ಲಿ ಮುಂದುವರಿಸಿದರು. 1859ರ 13ನೆಯ ಕಾಯಿದೆಯ ಪ್ರಕಾರ, ಮುಂಗಡ ಪಡೆದ ಕೆಲಸಗಾರ ಕೆಲಸ ಬಿಟ್ಟುಹೋದರೆ ಮ್ಯಾಜಿಸ್ಟ್ರೇಟರು ಅವನಿಗೆ ಕೆಲಸ ಮಾಡು ಇಲ್ಲವೇ ಹಣ ಹಿಂದಿರುಗಿಸು ಎಂದು ಆಜ್ಞೆ ಮಾಡಬಹುದಾಗಿತ್ತು. ಎರಡೂ ಆಗದಿದ್ದರೆ ಮೂರು ತಿಂಗಳವರೆಗೆ ಜೈಲು. ಕಲ್ಕತ್ತೆಯ ಯೂರೋಪಿಯನ್ ವ್ಯಾಪಾರಿಗಳ ಒತ್ತಾಯದಿಂದ ಹುಟ್ಟಿದ ಈ ಕಾಯಿದೆ ಅಸ್ಸಾಮಿನ ಚಹಾ ತೋಟಗಳಲ್ಲಿಯೂ ದಕ್ಷಿಣದ ತೋಟಗಳಲ್ಲಿಯೂ ಮಾಲೀಕರ ಕೈಯ ಬೆತ್ತವಾಯಿತು. ಅದನ್ನು ರದ್ದುಮಾಡಿದ್ದು 1925ರ ಶಾಸನ. ಜಾರಿಗೆ ಬಂದದ್ದು 1926ರ ಏಪ್ರಿಲಿನಲ್ಲಿ. ಇಂಗ್ಲೆಂಡಿಗಿಂತ ಸರಿಯಾಗಿ ಐವತ್ತು ವರ್ಷ ತಡವಾಗಿ! ನನ್ನ ಹುಡುಗ ಮೊದಲ ನೌಕರಿಗೆ ಸೇರಿದಾಗ ಎರಡು ವರ್ಷದ ಬಾಂಡಿಗೆ ಸಹಿ ಹಾಕಿಸಿಕೊಂಡು ಮೂಲ ಅಂಕಪಟ್ಟಿಗಳನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದ್ದರಂತೆ. ಆ ಸಂಗತಿ ಹೇಳಿದ್ದಾಗ ನಾನು ನಕ್ಕಿದ್ದೆ. ಈ ಕಾಯಿದೆಯ ಬಗ್ಗೆ ಓದಿದ ಮೇಲೆ ಆ ನಗು ನೆನಪಾಗಿ ನಾಚಿಕೆಯಾಯಿತು.

ಕಾನೂನಿನ ಬೆತ್ತ ಕೈತಪ್ಪಿದ ಮೇಲೆ ಮಾಲೀಕರು ಬೇರೆ ಉಪಾಯ ಹುಡುಕಿದ್ದಕ್ಕೆ ನಮ್ಮ ಕೋಲಾರ ಜಿಲ್ಲೆಯೇ ಸಾಕ್ಷಿ. 1880ರಿಂದ ಜಾನ್ ಟೇಲರ್ ಕಂಪನಿಯವರು ನಡೆಸುತ್ತಿದ್ದ ಚಿನ್ನದ ಗಣಿಗಳಲ್ಲಿ 1930ರಲ್ಲಿ ಕೂಲಿಗಳೆಲ್ಲರ ಬೆರಳಚ್ಚು ತೆಗೆದು ನೋಂದಾಯಿಸುವ ಏರ್ಪಾಡು ಬಂತು. ಓದುಬರಹ ಬಾರದ ಆ ಜನಕ್ಕೆ ಅದರ ಅರ್ಥ ಚೆನ್ನಾಗಿ ತಿಳಿಯಿತು. ಒಂದು ಗಣಿಯಲ್ಲಿ ಜಗಳವಾಡಿ ಬಿಟ್ಟವನು ಇನ್ನೊಂದು ಗಣಿಯ ಬಾಗಿಲಿಗೆ ಹೋದರೆ ಅವನ ಹೆಬ್ಬೆರಳೇ ಅವನನ್ನು ಹಿಡಿದುಕೊಡುತ್ತದೆ. ಸಾವಿರಾರು ಮಂದಿ ಕೆಲಸ ನಿಲ್ಲಿಸಿ ಮುಷ್ಕರ ಹೂಡಿದರು. ಜಾನಕಿ ನಾಯರ್ ಅವರು ಹಳೆಯ ಮೈಸೂರು ಸಂಸ್ಥಾನದ ಕಾರ್ಮಿಕರ ಬಗ್ಗೆ ಬರೆದ ಗ್ರಂಥದಲ್ಲಿ ಈ ಪ್ರಕರಣದ ವಿವರವಿದೆ. ಕೂಲಿ ಹೆಚ್ಚಿಸಿ ಎಂದು ನಡೆದ ಮುಷ್ಕರಗಳನ್ನು ನಾವು ತರಗತಿಯಲ್ಲಿ ಹೇಳುತ್ತೇವೆ. ಬಿಟ್ಟು ಹೋಗುವ ಸ್ವಾತಂತ್ರ್ಯ ಕಸಿಯಬೇಡಿ ಎಂದು ನಡೆದ ಈ ಮುಷ್ಕರ ಇಲ್ಲಿಂದ ಕೆಲವೇ ಹರದಾರಿ ದೂರದಲ್ಲಿ ನಡೆದಿದ್ದರೂ ನಾನು ಮೂವತ್ತೈದು ವರ್ಷಗಳಲ್ಲಿ ಒಮ್ಮೆಯೂ ಹೇಳಲಿಲ್ಲ.

ಇನ್ನು, 'ಏಕೆ' ಎಂದು ಲೆಕ್ಕವಿಟ್ಟು ಕೇಳಲಾರಂಭಿಸಿದವರ ವಿಷಯ. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿದ್ದ ಮ್ಯಾಗ್ನಸ್ ಅಲೆಕ್ಸಾಂಡರ್ ಎಂಬಾತ 12 ಕಾರ್ಖಾನೆಗಳ 1912ನೆಯ ಇಸವಿಯ ಹಾಜರಿ ಪಟ್ಟಿಗಳನ್ನು ಒಟ್ಟುಗೂಡಿಸಿದ. ವರ್ಷದ ಆರಂಭದಲ್ಲಿ ಅಲ್ಲಿದ್ದವರು 37,274 ಜನ, ಕೊನೆಯಲ್ಲಿ 43,971. ಹೆಚ್ಚಿದವರು 6,697 ಮಂದಿ ಮಾತ್ರ. ಅಷ್ಟು ಹೆಚ್ಚಿಸಿಕೊಳ್ಳಲು ಆ ಕಾರ್ಖಾನೆಗಳು ವರ್ಷವಿಡೀ ಸೇರಿಸಿಕೊಂಡ ಹೊಸಬರು 42,571! ಒಡೆದ ಕೊಡಕ್ಕೆ ನೀರು ಹೊಯ್ದ ಹಾಗೆ. ಒಬ್ಬ ಹೊಸಬನಿಗೆ ಕೆಲಸ ಕಲಿಸುವ ವೆಚ್ಚ, ಅವನು ಹಾಳುಮಾಡುವ ಸಾಮಗ್ರಿ, ಮುರಿಯುವ ಹತ್ಯಾರು ಇವನ್ನೆಲ್ಲ ಹಣದಲ್ಲಿ ತೋರಿಸಿದ ಮೇಲೆ ಮಾಲೀಕರು ಎಚ್ಚೆತ್ತರು.

ಹೆನ್ರಿ ಫೋರ್ಡ್‌ನ ಕಥೆ ಇನ್ನೂ ಪ್ರಸಿದ್ಧ. 1913ರಲ್ಲಿ ಅವನ ಹೈಲೆಂಡ್ ಪಾರ್ಕ್ ಕಾರ್ಖಾನೆಯಲ್ಲಿ ಚಲಿಸುವ ಜೋಡಣಾ ಸಾಲು ಬಂತು. ಕಾರು ಬೇಗ ಬೇಗ ತಯಾರಾಯಿತು. ಜನ ಅದಕ್ಕಿಂತ ಬೇಗ ಓಡಿಹೋದರು. ದಿನವೆಲ್ಲ ಒಂದೇ ತಿರುಪು ತಿರುಗಿಸುವ ಕೆಲಸ ಯಾರಿಗೆ ಬೇಕು? ಸುಮಾರು 14,000 ಮಂದಿಯ ಕಾರ್ಖಾನೆಯನ್ನು ತುಂಬಿಡಲು ಆ ಒಂದು ವರ್ಷದಲ್ಲಿ 50,000ಕ್ಕೂ ಹೆಚ್ಚು ಜನರನ್ನು ಸೇರಿಸಿಕೊಳ್ಳಬೇಕಾಯಿತು. ಬಿಟ್ಟುಹೋಗುವವರ ಪ್ರಮಾಣ ಶೇಕಡಾ 370. 1914ರ ಜನವರಿ 5ರಂದು ಕಂಪನಿ ದಿನಗೂಲಿಯನ್ನು ಸುಮಾರು ಎರಡೂಕಾಲು ಡಾಲರಿನಿಂದ 5 ಡಾಲರಿಗೆ ಏರಿಸಿ, ಒಂಬತ್ತು ಗಂಟೆಯ ದುಡಿಮೆಯನ್ನು ಎಂಟಕ್ಕೆ ಇಳಿಸಿತು. ಮರುದಿನಗಳಲ್ಲಿ ಬಾಗಿಲಲ್ಲಿ ಸೇರಿದ ಸಾವಿರಾರು ಜನರನ್ನು ಚದುರಿಸಲು ಕೊರೆಯುವ ಚಳಿಯಲ್ಲಿ ಅವರ ಮೇಲೆ ನೀರು ಹಾಯಿಸಿದರು. 1915ರ ಹೊತ್ತಿಗೆ ಬಿಟ್ಟುಹೋಗುವವರ ಪ್ರಮಾಣ ಶೇಕಡಾ 16ಕ್ಕೆ ಇಳಿಯಿತು. ವೆಚ್ಚ ತಗ್ಗಿಸಲು ತಾನು ಕೈಗೊಂಡ ಉತ್ತಮ ಕ್ರಮಗಳಲ್ಲಿ ಅದೊಂದು ಎಂದು ಫೋರ್ಡ್ ಮುಂದೆ ಬರೆದುಕೊಂಡ.

ಆದರೆ ಆ ಐದು ಡಾಲರಿಗೆ ಒಂದು ಷರತ್ತಿತ್ತು. ಅದರಲ್ಲಿ ಸುಮಾರು ಅರ್ಧ ಭಾಗ ಲಾಭಾಂಶದ ಹೆಸರಿನದು. ಯೋಗ್ಯರೆನಿಸಿಕೊಂಡವರಿಗೆ ಮಾತ್ರ ಸಿಗುವಂಥದು. ಯೋಗ್ಯತೆಯನ್ನು ಅಳೆಯಲು ಕಂಪನಿಯೊಳಗೇ ಸಮಾಜಶಾಸ್ತ್ರ ವಿಭಾಗವೆಂಬುದನ್ನು ತೆರೆದು, ತನಿಖೆಗಾರರನ್ನು ಕೆಲಸಗಾರರ ಮನೆಗಳಿಗೆ ಕಳಿಸಿದರು. ಮನೆ ಚೊಕ್ಕಟವಾಗಿದೆಯೇ, ಗಂಡಸು ಕುಡಿಯುತ್ತಾನೆಯೇ, ಉಳಿತಾಯ ಎಷ್ಟಿದೆ, ಹೊರಗಿನವರನ್ನು ಮನೆಯಲ್ಲಿ ಇಟ್ಟುಕೊಂಡಿದ್ದಾರೆಯೇ ಎಂದೆಲ್ಲ ವಿಚಾರಣೆ. ಹಣ ಜನರನ್ನು ನಿಲ್ಲಿಸುತ್ತದೆ ಎಂಬುದು ಸಿದ್ಧವಾಯಿತು. ಆ ಹಣದ ಜೊತೆಗೆ ಏನೇನು ಮನೆಯೊಳಗೆ ಬರುತ್ತದೆ ಎಂಬುದೂ ಸಿದ್ಧವಾಯಿತು.

ಹಣವೊಂದೇ ಕಾರಣವಲ್ಲವೆಂದು ತೋರಿಸಿದವರಲ್ಲಿ ಆಸ್ಟ್ರೇಲಿಯದಿಂದ ಅಮೆರಿಕಕ್ಕೆ ಬಂದ ಎಲ್ಟನ್ ಮೇಯೊ ಒಬ್ಬರು. ಹಾಥಾರ್ನ್ ಕಾರ್ಖಾನೆಯ ಪ್ರಯೋಗಗಳಿಂದ ಅವರ ಹೆಸರನ್ನು ಮ್ಯಾನೇಜ್‌ಮೆಂಟ್ ಓದಿದ ನಿಮ್ಮಲ್ಲಿ ಹಲವರು ಕೇಳಿರುತ್ತೀರಿ. ನನಗೆ ಹಿಡಿಸಿದ್ದು ಅದಕ್ಕೂ ಮೊದಲಿನ, 1923ರ ಒಂದು ಪ್ರಸಂಗ. ಫಿಲಡೆಲ್ಫಿಯದ ಒಂದು ಬಟ್ಟೆ ಗಿರಣಿಯಲ್ಲಿ ಎಲ್ಲ ವಿಭಾಗಗಳಲ್ಲೂ ಬಿಟ್ಟುಹೋಗುವವರು ವರ್ಷಕ್ಕೆ ಶೇಕಡಾ ಐದಾರು. ನೂಲುವ ಒಂದು ವಿಭಾಗದಲ್ಲಿ ಮಾತ್ರ ಶೇಕಡಾ 250. ಇನಾಮು ಭತ್ಯೆಗಳ ಯೋಜನೆಗಳನ್ನು ಹಾಕಿ ನೋಡಿದ್ದರು, ಫಲವಿಲ್ಲ. ಮೇಯೊ ಹೋಗಿ ಆ ಕೆಲಸಗಾರರ ಮಾತು ಕೇಳಿಸಿಕೊಂಡರು. ಕಡಿದ ನೂಲನ್ನು ಗಂಟು ಹಾಕುತ್ತ ಯಂತ್ರದ ಉದ್ದಕ್ಕೂ ದಿನವಿಡೀ ನಡೆದಾಟ, ಕಾಲು ಬಾವು, ಪಕ್ಕದವನೊಡನೆ ಮಾತಿಲ್ಲ, ಒಬ್ಬೊಬ್ಬರೇ ಕೆಟ್ಟ ಯೋಚನೆಗಳಲ್ಲಿ ಮುಳುಗಿರುವುದು. ಬೆಳಿಗ್ಗೆ ಎರಡು ಸಲ, ಮಧ್ಯಾಹ್ನ ಎರಡು ಸಲ ಹತ್ತು ಹತ್ತು ನಿಮಿಷ ಮಲಗಿ ವಿಶ್ರಮಿಸುವ ಏರ್ಪಾಡು ಮಾಡಿಸಿದರು. ಜನ ಗೆಲುವಾದರು, ಉತ್ಪಾದನೆ ಏರಿತು. ಅವಸರದ ಕೆಲಸ ಬಂದಾಗ ಮೇಲ್ವಿಚಾರಕರು ವಿಶ್ರಾಂತಿಯನ್ನು ಕಿತ್ತುಹಾಕಿದರು, ಎಲ್ಲವೂ ಮೊದಲಿನಂತಾಯಿತು. ಆಗ ಗಿರಣಿಯ ಯಜಮಾನನೇ ಮುಂದೆ ಬಂದು, ಆ ಹತ್ತು ನಿಮಿಷ ಯಂತ್ರಗಳನ್ನೇ ನಿಲ್ಲಿಸಿ ಎಂದು ಆಜ್ಞೆ ಮಾಡಿದ. ಅಲ್ಲಿಂದ ಆ ವಿಭಾಗದಲ್ಲೂ ಬಿಟ್ಟುಹೋಗುವವರು ಉಳಿದೆಡೆಯಷ್ಟೇ ಆದರು. ಉಳಿಸಿದ್ದು ಬರಿಯ ವಿಶ್ರಾಂತಿಯೋ, ತಮ್ಮ ಮಾತಿಗೆ ಯಜಮಾನ ಬೆಲೆ ಕೊಟ್ಟನೆಂಬ ನಂಬಿಕೆಯೋ ಎಂಬ ಚರ್ಚೆ ಹಾಥಾರ್ನ್ ಪ್ರಯೋಗಗಳವರೆಗೂ ಬೆಳೆಯಿತು.

ಅದೇ ಕಾಲದಲ್ಲಿ ನಮ್ಮ ದೇಶದಲ್ಲಿ ಉತ್ತರ ಸಿದ್ಧವಾಗಿತ್ತು: ಹಿಂದೂಸ್ತಾನದ ಕೂಲಿ ಹಳ್ಳಿಯವನು, ಸುಗ್ಗಿ ಬಂದರೆ ಊರಿಗೆ ಓಡುತ್ತಾನೆ, ಅವನಿಗೆ ಕಾರ್ಖಾನೆಯಲ್ಲಿ ನಿಷ್ಠೆಯಿಲ್ಲ. 1929ರಲ್ಲಿ ನೇಮಕವಾದ ವ್ಹಿಟ್ಲಿ ಆಯೋಗ 1931ರ ವರದಿಯಲ್ಲಿ ಇದನ್ನೇ ಸಹಾನುಭೂತಿಯಿಂದ ಹೇಳಿತು. ನಗರ ಅವನನ್ನು ಸೆಳೆದದ್ದಲ್ಲ, ಬಡತನ ಅವನನ್ನು ಹಳ್ಳಿಯಿಂದ ನೂಕಿದ್ದು ಎಂದಿತು. ಅದೇ ವರದಿಯಲ್ಲಿ ಇನ್ನೊಂದು ಸಂಗತಿಯೂ ಇದೆ. ಆಳುಗಳನ್ನು ಸೇರಿಸುವವನೂ ತೆಗೆಯುವವನೂ ಜಾಬರ್ ಎಂಬ ಮೇಸ್ತ್ರಿ. ಕೆಲಸ ಸಿಗಬೇಕಾದರೆ ಅವನಿಗೆ ಮಾಮೂಲು ಕೊಡಬೇಕು. ಒಬ್ಬ ಹೋಗಿ ಇನ್ನೊಬ್ಬ ಬಂದಷ್ಟೂ ಅವನಿಗೆ ಲಾಭ! ಮುಂದೆ 1965ರಲ್ಲಿ ಮಾರಿಸ್ ಡೇವಿಡ್ ಮಾರಿಸ್ ಎಂಬ ಅಮೆರಿಕದ ಇತಿಹಾಸಕಾರರು ಬೊಂಬಾಯಿ ಗಿರಣಿಗಳ ಚರಿತ್ರೆ ಬರೆದು ಹಳೆಯ ವಾದವನ್ನು ತಲೆಕೆಳಗು ಮಾಡಿದರು. ಗಿರಣಿಗೆ ಜನ ಸಿಗದ ಕಾಲವೇ ಇರಲಿಲ್ಲ. ಬಾಗಿಲಲ್ಲಿ ದಿನವೂ ಬದಲಿ ಆಳುಗಳು ಕಾದು ನಿಂತಿರುತ್ತಿದ್ದರು. ಕೆಲಸಗಾರರನ್ನು ಕಾಯಂ ಆಗಿ ಉಳಿಸಿಕೊಳ್ಳುವ ಅಗತ್ಯ ಮಾಲೀಕರಿಗೇ ಕಂಡಿರಲಿಲ್ಲ ಎಂಬುದು ಅವರ ವಾದ. ಅಸ್ಥಿರತೆಯ ಮೂಲ ಕೂಲಿಯ ಸ್ವಭಾವದಲ್ಲಿಲ್ಲ, ಗಿರಣಿಯ ವ್ಯವಸ್ಥೆಯಲ್ಲಿದೆ ಎಂದಂತಾಯಿತು. ನಾನು ನನ್ನ ಹುಡುಗನಿಗೆ ಹೇಳಿದ ಮಾತು 1931ರ ಮಾತೇ ಆಗಿತ್ತು.

ಎರಡನೆಯ ಮಹಾಯುದ್ಧದ ನಂತರ ಸಂಶೋಧನೆ ವೇಗ ಪಡೆಯಿತು. ಲಂಡನ್ನಿನ ಟ್ಯಾವಿಸ್ಟಾಕ್ ಸಂಸ್ಥೆಯ ರೈಸ್, ಹಿಲ್ ಮತ್ತು ಟ್ರಿಸ್ಟ್ ಎಂಬ ಮೂವರು 1950ರಲ್ಲಿ ಒಂದು ಲೋಹದ ಕಾರ್ಖಾನೆಯ ದಾಖಲೆಗಳನ್ನು ಪರಿಶೀಲಿಸಿ, ಬಿಟ್ಟುಹೋಗುವವರಲ್ಲಿ ಬಹುಮಂದಿ ಸೇರಿದ ಮೊದಲ ಕೆಲವು ವಾರ, ತಿಂಗಳುಗಳಲ್ಲೇ ಹೋಗುತ್ತಾರೆಂದು ತೋರಿಸಿದರು. ಹೊಸ ಸಸಿಯನ್ನು ನೆಟ್ಟ ಮೊದಲ ಬೇಸಗೆಯ ಹಾಗೆ. ಅದನ್ನು ದಾಟಿದರೆ ಬೇರು ಹಿಡಿಯುತ್ತದೆ. 1958ರಲ್ಲಿ ಮಾರ್ಚ್ ಮತ್ತು ಸೈಮನ್ ಎಂಬ ಅಮೆರಿಕದ ವಿದ್ವಾಂಸರು ಎರಡು ಪ್ರಶ್ನೆಗಳನ್ನು ಬಿಡಿಸಿಟ್ಟರು: ಬಿಡಬೇಕೆಂಬ ಬಯಕೆ ಎಷ್ಟಿದೆ, ಬಿಡುವುದು ಎಷ್ಟು ಸುಲಭವಿದೆ. 1970ರಲ್ಲಿ ಆಲ್ಬರ್ಟ್ ಹಿರ್ಷ್‌ಮನ್ ಮತ್ತೊಂದು ಮಾತು ಸೇರಿಸಿದರು. ಅತೃಪ್ತನಿಗೆ ಎರಡು ದಾರಿ, ಹೊರಟುಹೋಗುವುದು ಅಥವಾ ಬಾಯಿಬಿಟ್ಟು ಹೇಳುವುದು. ನಿಷ್ಠೆಯೆಂಬುದು ಹೊರಟುಹೋಗುವುದನ್ನು ತಡೆದು ಬಾಯಿಬಿಡಲು ಅವಕಾಶ ಕೊಡುತ್ತದೆ. ಹೇಳಿದರೆ ಕೇಳುವವರಿಲ್ಲದ ಕಡೆ ನಿಷ್ಠೆ ಎಷ್ಟು ದಿನ ಉಳಿದೀತು?

ಇಷ್ಟೆಲ್ಲ ಆದರೂ ಎಲ್ಲರೂ ಕೇಳುತ್ತಿದ್ದುದು ಹೋದವರ ವಿಷಯವನ್ನೇ. ಸಿಯಾಟಲ್ ನಗರದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಥಾಮಸ್ ಲೀ ಮತ್ತು ಟೆರೆನ್ಸ್ ಮಿಚೆಲ್ ಎಂಬುವರು 1994ರಲ್ಲಿ, ಜನ ಯಾವಾಗಲೂ ಅಸಮಾಧಾನದಿಂದಲೇ ಬಿಡುವುದಿಲ್ಲ ಎಂದು ವಾದಿಸಿದರು. ಮದುವೆ, ತಾಯಿಯ ಕಾಯಿಲೆ, ಎಲ್ಲಿಂದಲೋ ಬಂದ ಕರೆ, ಇಂಥ ಒಂದು ಅಲುಗಾಟ ಸಂತೃಪ್ತನನ್ನೂ ಎಬ್ಬಿಸಬಹುದು. ಅವರೇ 2001ರಲ್ಲಿ ಸಂಗಡಿಗರೊಡನೆ ಒಂದು ದಿನಸಿ ಅಂಗಡಿಗಳ ಸಂಸ್ಥೆಯ ಮತ್ತು ಒಂದು ಆಸ್ಪತ್ರೆಯ ನೌಕರರನ್ನು ಅಧ್ಯಯನ ಮಾಡಿ ಪ್ರಶ್ನೆಯನ್ನೇ ತಿರುಗಿಸಿದರು: ಜನ ಏಕೆ ಉಳಿಯುತ್ತಾರೆ? ಮೂರು ಸಂಗತಿಗಳನ್ನು ಎಣಿಸಿದರು. ಜನರೊಡನೆ ಇರುವ ನಂಟುಗಳು, ಕೆಲಸಕ್ಕೂ ಊರಿಗೂ ನಮಗೂ ಇರುವ ಹೊಂದಿಕೆ, ಹೊರಟರೆ ಕಳೆದುಕೊಳ್ಳಬೇಕಾದದ್ದು. ಈ ಮೂರನ್ನೂ ಕಚೇರಿಯೊಳಗೆ ಮಾತ್ರವಲ್ಲ, ಮನೆ, ಬೀದಿ, ಊರುಗಳಲ್ಲಿಯೂ ಎಣಿಸಬೇಕೆಂದರು. ಹೀಗೆ ಬೇರುಬಿಟ್ಟವನು ಸಂಬಳ, ತೃಪ್ತಿಗಳ ಲೆಕ್ಕಕ್ಕೆ ಸಿಗದೆಯೂ ಉಳಿಯುತ್ತಾನೆ.

ಅವರ ಪ್ರಬಂಧ ಬಂದ 2001ರಲ್ಲೇ, ಫೆಬ್ರವರಿ 28ರಂದು, ಕೋಲಾರದ ಚಿನ್ನದ ಗಣಿ ಮುಚ್ಚಿತು. ಕೆಲಸ ಕೊಟ್ಟವನೇ ಇಲ್ಲವಾದ. ಜನ ಊರು ಬಿಟ್ಟರೇ? ಬಹಳ ಮಂದಿ ಬಿಡಲಿಲ್ಲ. ಮಾರಿಕುಪ್ಪಂನಿಂದ ಹೊರಡುವ ರೈಲುಗಳನ್ನು ನಸುಕಿನಲ್ಲಿ ಹಿಡಿದು ಬೆಂಗಳೂರಿಗೆ ಹೋಗಿ ದುಡಿದು, ರಾತ್ರಿ ಮರಳುವವರನ್ನು ಬಂಗಾರಪೇಟೆಯ ನಿಲ್ದಾಣದಲ್ಲಿ ಎಷ್ಟೋ ಸಲ ಕಂಡಿದ್ದೇನೆ. ಅಜ್ಜ ಕಟ್ಟಿದ ಗುಡಿ, ಚರ್ಚು, ನೆರೆಮನೆ, ಸಮಾಧಿಗಳೆಲ್ಲ ಅಲ್ಲಿವೆ. ಆ ಮೂರು ಸಂಗತಿಗಳಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತಿಳಿಯದು.

ಈಗ ನನ್ನ ಉತ್ತರ. 1975ರಲ್ಲಿ ನನಗೊಂದು ಬ್ಯಾಂಕಿನಿಂದ ಗುಮಾಸ್ತೆಯ ನೇಮಕದ ಕಾಗದ ಬಂದಿತ್ತು. ಸಂಬಳ ಶಾಲೆಗಿಂತ ಹೆಚ್ಚು, ಊರು ಬೀದರ್. ನಾನು ಹೋಗಲಿಲ್ಲ. 'ಪಾಠದ ಪ್ರೀತಿ' ಎಂದು ಐವತ್ತು ವರ್ಷ ಹೇಳಿಕೊಂಡು ಬಂದೆ. ಪ್ರೀತಿ ಇದ್ದದ್ದು ಸುಳ್ಳಲ್ಲ. ಆದರೆ ಮನೆಯಲ್ಲಿ ವಯಸ್ಸಾದ ತಾಯಿ. ಅದೇ ಊರಿನ ಪ್ರಾಥಮಿಕ ಶಾಲೆಯಲ್ಲಿ ಹೆಂಡತಿಗೆ ಕೆಲಸ. ತಿಂಗಳ ಕೊನೆಯಲ್ಲಿ ಸಾಲ ಬರೆದುಕೊಳ್ಳುವ ಅಂಗಡಿ ಶೆಟ್ಟರು. ಚರಿತ್ರೆಯ ಅವಧಿಗಳನ್ನು ಕಡಿಮೆ ಮಾಡಿದಾಗ ನನ್ನ ಸಿಟ್ಟನ್ನು ಕೇಳಿಸಿಕೊಂಡು ಸರಿಪಡಿಸಿದ ಹೆಡ್‌ಮಾಸ್ಟರು. ಇವೆಲ್ಲವೂ ಸೇರಿ ನನ್ನನ್ನು ಹಿಡಿದಿಟ್ಟವು. ಬೀದರಿನಲ್ಲಿ ನನ್ನವರು ಯಾರೂ ಇಲ್ಲವೆಂಬ ಭಯವೂ ಇತ್ತು.

ಇದನ್ನು ಒಪ್ಪಿಕೊಂಡ ಮೇಲೆ ಇನ್ನೊಂದನ್ನು ಒಪ್ಪಿಕೊಳ್ಳಬೇಕಾಗುತ್ತದೆ. ನಮ್ಮ ಶಾಲೆಯಲ್ಲಿ ಉತ್ತರ ಕರ್ನಾಟಕದಿಂದ ಬಂದ ವಿಜ್ಞಾನದ ಮೇಷ್ಟ್ರೊಬ್ಬರಿದ್ದರು. ನನ್ನಷ್ಟೇ ಸಂಬಳ, ಅದೇ ಹೆಡ್‌ಮಾಸ್ಟರು. ಪಾಠದಲ್ಲಿ ನನಗಿಂತ ಒಂದು ಕೈ ಮೇಲು. ನಾಲ್ಕು ವರ್ಷವಾದ ಮೇಲೆ, 1978ರಲ್ಲಿ, ತಮ್ಮ ಊರಿನ ಕಡೆಯ ಶಾಲೆಯೊಂದಕ್ಕೆ ಹೊರಟುನಿಂತರು. ಸಂಬಳ ಒಂದು ರೂಪಾಯಿಯೂ ಹೆಚ್ಚಿರಲಿಲ್ಲ. ಪರೀಕ್ಷೆ ಹತ್ತಿರವಿರುವಾಗ ಮಕ್ಕಳನ್ನು ನಡುನೀರಿನಲ್ಲಿ ಬಿಟ್ಟರೆಂದು ನಾನು ಅವರ ಬೀಳ್ಕೊಡುಗೆಗೆ ಹೋಗದೆ, ಉಪಾಧ್ಯಾಯರ ಕೊಠಡಿಯಲ್ಲಿ ನೋಟ್‌ಬುಕ್ ತಿದ್ದುತ್ತ ಕುಳಿತಿದ್ದೆ. ಈಗ ಎಣಿಸಿ ನೋಡುತ್ತೇನೆ. ಅವರಿಗೆ ಊರಿನಲ್ಲಿದ್ದುದು ಶಾಲೆಯ ಹಿಂದಿನ ಒಂದು ಕೋಣೆ, ಬಸ್ ನಿಲ್ದಾಣದ ಹೋಟೆಲಿನ ಊಟ. ಜೋಳದ ರೊಟ್ಟಿ ತಿಂದು ಬೆಳೆದವರು ನಾಲ್ಕು ವರ್ಷ ಸಾರನ್ನ ತಿಂದರು. ಆ ನಾಲ್ಕು ವರ್ಷಗಳಲ್ಲಿ ನಾನು ಒಂದು ಯುಗಾದಿಗೂ ಅವರನ್ನು ಮನೆಗೆ ಊಟಕ್ಕೆ ಕರೆಯಲಿಲ್ಲ. ನಮ್ಮಲ್ಲಿ ಯಾರೂ ಕರೆಯಲಿಲ್ಲ. ಬಿಟ್ಟು ಹೋಗಲು ಅವರಿಗೆ ಕಾರಣ ಬೇಕಿರಲಿಲ್ಲ. ಉಳಿಯಲು ನಾವು ಕಾರಣ ಕೊಟ್ಟಿರಲಿಲ್ಲ. ಅವರಿಗೊಂದು ಕಾಗದ ಬರೆಯಬೇಕೆಂದು ಈಗ ಅನ್ನಿಸುತ್ತದೆ. ಅವರು ತೀರಿಹೋಗಿ ಆರು ವರ್ಷವಾಯಿತು.

ನನ್ನ ಹುಡುಗನಿಗೆ ಮಾತ್ರ ಫೋನ್ ಮಾಡಿದೆ. 2021, 22ರಲ್ಲಿ ಅವನಂಥ ಎಂಜಿನಿಯರುಗಳು ದೊಡ್ಡ ದೊಡ್ಡ ಕಂಪನಿಗಳನ್ನು ಶೇಕಡಾ 20ಕ್ಕೂ ಮೀರಿದ ಪ್ರಮಾಣದಲ್ಲಿ ಬಿಟ್ಟಾಗ ಪತ್ರಿಕೆಗಳು ಅದನ್ನು ಹಣದಾಸೆ ಎಂದದ್ದನ್ನು ನಾನು ನಂಬಿದ್ದೆ. "ನಾಲ್ಕು ಸಲ ಬಿಟ್ಟೆಯಲ್ಲ, ಒಂದೊಂದು ಸಲವೂ ಏನಾಗಿತ್ತು ಹೇಳು" ಎಂದೆ. ಒಂದು ಗಂಟೆ ಮಾತನಾಡಿದ. ಒಂದು ಸಲ ತಂದೆಯ ಶಸ್ತ್ರಚಿಕಿತ್ಸೆಗೆ ರಜೆ ಸಿಕ್ಕಿರಲಿಲ್ಲವಂತೆ. ಅವನ ಅಪ್ಪನಿಗೆ ಶಸ್ತ್ರಚಿಕಿತ್ಸೆಯಾದದ್ದೇ ನನಗೆ ತಿಳಿದಿರಲಿಲ್ಲ.

ಪ್ರಿಯ ಶಿಷ್ಯರೇ, ಬಂಧುಗಳೇ, ನಿಮ್ಮ ಕೈಕೆಳಗೆ ಯಾರಾದರೂ ಕೆಲಸ ಬಿಟ್ಟಾಗ ನನ್ನ ಹಾಗೆ ಋಣದ ಮಾತು ತೆಗೆಯಬೇಡಿ, ಮೊದಲು ಕೇಳಿಸಿಕೊಳ್ಳಿ. ನಿಮ್ಮ ಊರಿನ ಶಾಲೆಗೆ ಈ ವರ್ಷ ದೂರದಿಂದ ಹೊಸ ಮೇಷ್ಟ್ರೋ ಮೇಡಮ್ಮೋ ಬಂದಿದ್ದರೆ, ಬರುವ ಹಬ್ಬಕ್ಕೆ ಮನೆಗೆ ಊಟಕ್ಕೆ ಕರೆಯಿರಿ.